ಅಟ್ಟದ ಮೇಲಿನ ಸೈನ್ಸ್ ಮೇಡಂ

ವಿಜ್ಞಾನದ ಮೇಷ್ಟ್ರಾದ ನನಗೆ ದಿನವೂ ತಪ್ಪದ ಒಂದು ದುಃಖವಿದೆ. ಪಾಠ ಮುಗಿಸಿ, ಕೈಗಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡು, ‘ಯಾರಿಗಾದ್ರೂ ಪ್ರಶ್ನೆ ಐತೇನ್ರಪ್ಪ?’ ಎಂದು ಕೇಳುತ್ತೇನೆ. ತರಗತಿ ಚಿತ್ರದುರ್ಗದ ಬಂಡೆಗಳಂತೆ ಕೂತಿರುತ್ತದೆ. ಎಲ್ಲೋ ಅಪರೂಪಕ್ಕೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. ನನ್ನ ಜೀವ ಹಿಗ್ಗುತ್ತದೆ. ‘ಸಾರ್, ಇದು ಪರೀಕ್ಷೆಗೆ ಬರ್ತೈತಾ?’

ಬರುತ್ತದೆ ಎಂದರೆ ಬರೆದುಕೊಳ್ಳುತ್ತಾರೆ, ಬರುವುದಿಲ್ಲ ಎಂದರೆ ಪೆನ್ನಿನ ಮುಚ್ಚಳ ಹಾಕುತ್ತಾರೆ. ಗುರುತ್ವಾಕರ್ಷಣೆಯೂ ಅಷ್ಟೇ, ಬೆಳಕಿನ ವಕ್ರೀಭವನವೂ ಅಷ್ಟೇ. ಮಕ್ಕಳನ್ನು ದೂರಿ ಫಲವಿಲ್ಲ. ತಪ್ಪು ನನ್ನದೇ ಇರಬಹುದು ಎಂದು ಎಷ್ಟೋ ಸಲ ಅನ್ನಿಸಿದೆ. ಹೊಸದುರ್ಗದಿಂದ ಹಳ್ಳಿಯ ಶಾಲೆಗೆ ಬೈಕಿನಲ್ಲಿ ಹೋಗುವಾಗ, ನಾನು ಇಷ್ಟು ವರ್ಷ ಮಾಡಿದ್ದು ಪಾಠವೋ ಅಥವಾ ಗಾಳಿಗೆ ತೂರಿದ ಹೊಟ್ಟೋ ಎಂದು ಯೋಚಿಸುತ್ತಾ ಒಮ್ಮೆ ಊರನ್ನೇ ದಾಟಿ ಮುಂದೆ ಹೋಗಿದ್ದೂ ಉಂಟು.

ಇಷ್ಟಾದರೂ ಮನೆಯಲ್ಲಿ ಒಂದು ಆಸೆ ಇತ್ತು. ನಾಲ್ಕನೇ ಕ್ಲಾಸಿನ ನನ್ನ ಮಗಳು ಸಿಂಚನ. ಆದರೆ ಅವಳೂ ಕಣ್ಣು ಮುಚ್ಚಿ, ಮೈ ತೂಗುತ್ತಾ, ‘ಭೂಮಿಯು ತನ್ನ ಅಕ್ಷದ ಸುತ್ತ ತಿರುಗುತ್ತದೆ’ ಎಂದು ಮಂತ್ರದಂತೆ ಒಪ್ಪಿಸತೊಡಗಿದ್ದಳು. ‘ಅಕ್ಷ ಅಂದ್ರೆ ಏನವ್ವ?’ ಎಂದೆ. ‘ಅದನ್ನ ಮಿಸ್ ಕೇಳಲ್ಲ ಕಣಪ್ಪ’ ಎಂದಳು. ಮೇಷ್ಟ್ರ ಮಗಳು!

ಆಗ ನಮ್ಮ ಮನೆಗೆ ಕೆಂಪಿ ಬಂತು. ಯಾರೂ ಕರೆಯಲಿಲ್ಲ, ಯಾರೂ ಅರ್ಜಿ ಕೇಳಲಿಲ್ಲ. ಹೆಂಚಿನ ಸಂದಿಯಿಂದ ಅಟ್ಟಕ್ಕೆ ಇಳಿದ ಆ ಕೆಂಚು ಬೆಕ್ಕು ಅಲ್ಲೇ ಎಲ್ಲೋ ಕತ್ತಲಲ್ಲಿ ಎರಡು ಮರಿ ಹಾಕಿತು. ಮರಿಗಳು ಕಣ್ಣು ಬಿಟ್ಟು, ಕಾಲು ಬಲಿತು, ಏಣಿಯಿಂದ ಉರುಳಿಕೊಂಡು ಕೆಳಗೆ ಬಂದ ದಿನದಿಂದ ನಮ್ಮ ಮನೆಯಲ್ಲಿ ವಿಜ್ಞಾನದ ತರಗತಿ ಶುರುವಾಯಿತು. ಮೇಷ್ಟ್ರು ನಾನಲ್ಲ.

ಮೊದಲ ಪಾಠ ಗುರುತ್ವಾಕರ್ಷಣೆ. ಮರಿಗಳು ಮೇಜಿನ ಅಂಚಿಗೆ ಒಂದು ಸ್ಟೀಲ್ ಲೋಟವನ್ನು ತಳ್ಳಿಕೊಂಡು ಬಂದು, ನಮ್ಮ ಮುಖ ನೋಡಿ, ಬೀಳಿಸುತ್ತಿದ್ದವು. ಮತ್ತೆ ಇಟ್ಟರೆ ಮತ್ತೆ ಬೀಳಿಸುತ್ತಿದ್ದವು. ಇಷ್ಟು ಶ್ರದ್ಧೆಯಿಂದ ಒಂದೇ ಪ್ರಯೋಗವನ್ನು ನಾನು ಯಾವ ಲ್ಯಾಬಿನಲ್ಲೂ ಮಾಡಿಲ್ಲ. ಸಿಂಚನ ಲೋಟದ ಜೊತೆಗೆ ರಬ್ಬರನ್ನೂ ಬೀಳಿಸಿ, ‘ಎರಡೂ ಒಟ್ಟಿಗೇ ಬಿದ್ವಲ್ಲಪ್ಪ, ಲೋಟ ಅಷ್ಟು ಭಾರ ಐತೆ!’ ಎಂದಳು. ನಾನು ಲೋಟ ಎತ್ತಿ ಮತ್ತೆ ಮೇಜಿನ ಮೇಲಿಟ್ಟೆ.

ಆಮೇಲೆ ತಡೆಯೇ ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದರೆ ಬೆಕ್ಕಿನ ಕಣ್ಣಿನ ಪಾಪೆ ಗೆರೆಯಾಗುವುದು, ತೆಗೆದರೆ ದುಂಡಗಾಗುವುದು. ಮಾರಿಕಣಿವೆ ಡ್ಯಾಮಿನ ಮೀನು ತರುವವನ ಗಾಡಿ ಹಾರನ್ನು ನಮಗಿಂತ ಮುಂಚೆಯೇ ಕೇಳಿ, ಕೆಂಪಿಯ ಎರಡು ಕಿವಿ ಬೇರೆ ಬೇರೆ ಕಡೆ ತಿರುಗುವುದು. ಬೆಳಿಗ್ಗೆ ಹಜಾರದ ಬಾಗಿಲ ಬಳಿ ಮಲಗಿದ ಬೆಕ್ಕು ಮಧ್ಯಾಹ್ನದ ಹೊತ್ತಿಗೆ ಬಿಸಿಲಿನ ಜೊತೆ ಸರಿಯುತ್ತಾ ಕಂಬದ ಬಳಿ ಇರುವುದು. ಮಗಳು ಒಂದು ಭಾನುವಾರವಿಡೀ ಅದು ಮಲಗಿದಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಳು. ಸಂಜೆ ನೆಲ ನೋಡಿ, ‘ಬೆಕ್ಕು ಸರಿದಿಲ್ಲಪ್ಪ, ನಮ್ಮ ಮನೇನೇ ತಿರುಗೈತೆ’ ಎಂದಳು. ಅಕ್ಷ ಅಂದರೆ ಏನೆಂದು ನಾನು ಮತ್ತೆ ಕೇಳಲಿಲ್ಲ.

ಚಳಿಗಾಲದ ಒಣಗಾಳಿಯಲ್ಲಿ ನನ್ನ ಅವ್ವ ಹೊದೆಯುವ ಕಂಬಳಿಯ ಮೇಲೆ ಮರಿ ಮಲಗಿದ್ದಾಗ ಅದರ ಮೈ ಸವರಿದರೆ ಚಟಚಟ ಸದ್ದಾಗುತ್ತಿತ್ತು. ಅವ್ವ ಕೈ ಮುಗಿದು, ‘ಕಂಬ್ಳೀಗೆ ಸತ್ಯ ಐತೆ ಕಣವ್ವ’ ಎಂದಳು. ಕುರಿ ಕಾದ ಮನೆತನ ನಮ್ಮದು. ಕಂಬಳಿ ಎಂದರೆ ಅವ್ವನಿಗೆ ಅರ್ಧ ದೇವರು. ಸಿಂಚನ ಕೈ ಒದ್ದೆ ಮಾಡಿಕೊಂಡು ಬಂದು ಮರಿಯನ್ನು ಸವರಿದಳು. ಸದ್ದಿಲ್ಲ. ‘ಅಜ್ಜೀ, ಸತ್ಯ ಇದ್ರೆ ನೀರಿಗೆ ಯಾಕೆ ಹೆದ್ರಕಂತೈತೆ?’ ಎಂದಳು. ಅವ್ವ ನನ್ನ ಕಡೆ ನೋಡಿ, ‘ನಿನ್ನ ಮಗಳಿಗೆ ಬಾಯಿ ಬಂತು’ ಎಂದಳು. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿಲ್ಲ.

ಹಿಂದಿನವರು ಭಕ್ತಿಯಲ್ಲಿ ಎರಡು ಬಗೆ ಹೇಳಿದ್ದಾರೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುತ್ತದೆ, ಅದು ಮರ್ಕಟ ನ್ಯಾಯ. ಬೆಕ್ಕಿನ ಮರಿ ಸುಮ್ಮನೆ ಮೈ ಬಿಡುತ್ತದೆ, ತಾಯಿಯೇ ಕತ್ತು ಕಚ್ಚಿ ಒಯ್ಯುತ್ತದೆ, ಅದು ಮಾರ್ಜಾಲ ನ್ಯಾಯ. ನಮ್ಮ ಶಾಲೆಗಳೆಲ್ಲ ಎರಡನೆಯದನ್ನು ಪಾಲಿಸುತ್ತವೆ ಎಂಬುದು ನನ್ನ ಸಿದ್ಧಾಂತ. ಮಕ್ಕಳ ಕತ್ತು ಕಚ್ಚಿ ಹತ್ತನೇ ಕ್ಲಾಸಿನವರೆಗೆ ಒಯ್ದು ಬಿಡುತ್ತೇವೆ. ವಿಚಿತ್ರವೆಂದರೆ ನಮ್ಮ ಮನೆಯಲ್ಲಿ ಮಗುವಿಗೆ ಕೋತಿಯ ನ್ಯಾಯ ಕಲಿಸಿದ್ದು ಬೆಕ್ಕು.

ಆದರೆ ಒಳ್ಳೆಯದು ನಮ್ಮ ಮನೆಯಲ್ಲಿ ಬಹಳ ದಿನ ನಿಂತ ನೆನಪು ನನಗಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೋಡಿನ ಕಡೆಯ ನೆಂಟರೆಲ್ಲ ಸೇರಿ ಮನೆದೇವರ ಪೂಜೆ ಮಾಡುವುದಿತ್ತು. ಪೂಜೆಯ ದಿನ ಕರೀ ಕಂಬಳಿಯನ್ನು ಮಡಿಸಿ ಹಾಸಿ, ಅದರ ಮೇಲೆ ಕಳಸ ಇಡುತ್ತಾರೆ. ಅದೇ ದೇವರ ಗದ್ದಿಗೆ. ಆ ಕಂಬಳಿಯನ್ನು ಯಾರೂ ಹೊದೆಯುವಂತಿಲ್ಲ, ತುಳಿಯುವಂತಿಲ್ಲ. ವರ್ಷವೆಲ್ಲ ಅದು ಅಟ್ಟದ ಮೇಲೆ ಇರುತ್ತದೆ. ಅವ್ವ ಅದನ್ನು ಇಳಿಸಿ ಬಿಡಿಸಿದಳು. ಅದರ ತುಂಬ ಕೆಂಚು ಕೂದಲು, ಹಳೆಯ ಕಲೆ, ಮೂಗು ಮುಚ್ಚುವಂಥ ವಾಸನೆ.

‘ದೇವ್ರು ಕುಂತ್ಕಳೋ ಜಾಗದಾಗೆ ಬಾಣಂತನ ಮಾಡ್ಕಂಡೈತಲ್ಲೋ!’ ಎಂದು ಅವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಕೆಂಪಿಗೆ ಬೈಯಲಿಲ್ಲ, ಕೋಲು ಎತ್ತಲಿಲ್ಲ. ಬಸುರಿ ಪ್ರಾಣಿ, ಬೆಚ್ಚಗಿನ ಜಾಗ ಹುಡುಕಿದೆ ಎಂದು ಅವಳೂ ಬಲ್ಲಳು. ಆದರೆ ಮೈಲಿಗೆ ಮೈಲಿಗೆಯೇ. ಕಂಬಳಿಯನ್ನು ಒಗೆದು ಒಣಹಾಕಿದಳು. ಅಟ್ಟಕ್ಕೆ ಗಂಜಲ ಚಿಮುಕಿಸಿದಳು. ನಾನು ವಿಜ್ಞಾನದವನಲ್ಲವೇ, ಗಂಜಲ ಸಾಲದು ಎಂದು ಮೇಲೆ ಒಂದು ಬಾಟಲಿ ಫಿನಾಯಿಲ್ ಸುರಿದೆ. ನಮ್ಮ ಮನೆಯಲ್ಲಿ ಸಂಪ್ರದಾಯವೂ ವಿಜ್ಞಾನವೂ ಕೈ ಜೋಡಿಸಿದ್ದು ಅದೊಂದೇ ಸಲ. ಸಂಜೆ ಕೆಂಪಿ ಅಟ್ಟ ಹತ್ತಿತು, ಮೂಗು ಎತ್ತಿ ನಿಂತಿತು, ಸೀನಿತು. ಮರಿಗಳನ್ನು ಹಿಂದೆ ಕರೆದುಕೊಂಡು, ತಾನು ಬಂದ ದಾರಿಯಲ್ಲೇ ಹೋಯಿತು.

‘ಬಿಡು, ಬೆಕ್ಕು ಮರಿ ಕರ್ಕಂಡು ಏಳು ಮನೆ ತಿರುಗ್ತೈತೆ, ಆಮ್ಯಾಲೆ ತನ್ನ ಮನೀಗೇ ಬರ್ತೈತೆ’ ಎಂದಳು ಅವ್ವ. ಇದು ನಮ್ಮ ಕಡೆ ಎಲ್ಲರೂ ನಂಬುವ ಮಾತು. ಹಾಗಾಗಿ ಯಾರೂ ಹುಡುಕಲು ಹೋಗಲಿಲ್ಲ. ಏನು ಹೇಳಲಿ, ವಿಜ್ಞಾನದ ಮೇಷ್ಟ್ರಾದ ನಾನೂ ಓಣಿಯ ಮನೆಗಳನ್ನು ಮನಸ್ಸಿನಲ್ಲೇ ಎಣಿಸುತ್ತಾ ಕೂತಿದ್ದೆ. ಪೂಜೆ ಮುಗಿಯಿತು, ನೆಂಟರು ಹೋದರು, ಬೆಕ್ಕು ಬರಲಿಲ್ಲ. ಆಗ ಹುಡುಕಲು ಹೊರಟರೆ ಯಾವ ಮನೆಯವರೂ ನೋಡಿರಲಿಲ್ಲ.

ಸಿಂಚನ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಪುಸ್ತಕ ತೆಗೆದು ಕಣ್ಣು ಮುಚ್ಚಿ, ‘ಸಸ್ಯಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ’ ಎಂದು ಮೈ ತೂಗತೊಡಗಿದಳು. ಬೆಕ್ಕು ಹೋದರೆ ಹೋಗಲಿ, ಮಗಳನ್ನೂ ಕರೆದುಕೊಂಡು ಹೋಯಿತಲ್ಲ ಎನ್ನಿಸಿತು. ಅವಳಲ್ಲಿ ಉಳಿದಿದ್ದು ಒಂದೇ ಅಭ್ಯಾಸ. ರಾತ್ರಿ ಊಟವಾದ ಮೇಲೆ ಹಿತ್ತಲ ಬಾಗಿಲ ಬಳಿ ಒಂದು ಬಟ್ಟಲು ಹಾಲು ಇಟ್ಟು ಬರುತ್ತಿದ್ದಳು. ಬೆಳಿಗ್ಗೆ ಅದು ಹಾಗೇ ಇರುತ್ತಿತ್ತು.

ತಂದೆಯ ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡಿ. ಬೆಳಗಿನ ಜಾವ ಎದ್ದು ಆ ಹಾಲನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ ಬರತೊಡಗಿದೆ. ಖಾಲಿ ಬಟ್ಟಲು ತೋರಿಸಿ, ‘ನೋಡಿದ್ಯಾ, ಬಂದೈತೆ! ನಾಚ್ಕೆಗೆ ಮುಖ ತೋರಿಸ್ತಿಲ್ಲ ಅಷ್ಟೇ’ ಎಂದೆ. ಅವಳು ಬಟ್ಟಲನ್ನೂ ನನ್ನನ್ನೂ ನೋಡಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ತಿಳಿಯದೇ ಎಂಬ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಬೆಕ್ಕು ನಾನೇ ಆಗುತ್ತೇನೆಂದು ಎಣಿಸಿರಲಿಲ್ಲ.

ಒಂದು ಬೆಳಿಗ್ಗೆ ಹಿತ್ತಲಿನಿಂದ ಕೂಗಿದಳು. ‘ಅಪ್ಪ, ಬಾ ಇಲ್ಲಿ.’ ಬಟ್ಟಲಿನ ಸುತ್ತ ನೀರೊಲೆಯ ಬೂದಿಯನ್ನು ತೆಳ್ಳಗೆ ಹರಡಿದ್ದಳು. ಮಬ್ಬಿನಲ್ಲಿ ನನಗೆ ಕಂಡಿರಲಿಲ್ಲ. ಬೂದಿಯ ಮೇಲೆ ಐದು ಬೆರಳಿನ ಎರಡು ದೊಡ್ಡ ಪಾದಗಳು ಸ್ಪಷ್ಟವಾಗಿ ಮೂಡಿದ್ದವು. ಅಲ್ಲಿಂದ ಬೂದಿಯ ಹೆಜ್ಜೆಗಳು ಕರಿಬೇವಿನ ಗಿಡಕ್ಕೆ ಹೋಗಿ, ತಿರುಗಿ, ಅಡುಗೆಮನೆ ದಾಟಿ, ನನ್ನ ಹಾಸಿಗೆಯವರೆಗೂ ಬಂದಿದ್ದವು.

ಕಳ್ಳನಂತೆ ನಿಂತೆ. ಬೈಯುತ್ತಾಳೆ, ಅಳುತ್ತಾಳೆ, ಇನ್ನು ಹಾಲಿಡುವುದನ್ನೂ ಬಿಡುತ್ತಾಳೆ ಎಂದುಕೊಂಡೆ. ಅವಳು ಪೊರಕೆಯಿಂದ ಬೂದಿಯನ್ನು ಮತ್ತೆ ಸಮ ಮಾಡುತ್ತಾ, ‘ನಾಳೆಯಿಂದ ನೀನು ಈ ಕಡೆ ಬರಬ್ಯಾಡಪ್ಪ. ನೀನು ಬಂದ್ರೆ ಅದು ಬಂದೈತೋ ಇಲ್ಲೋ ಗೊತ್ತೇ ಆಗಲ್ಲ’ ಎಂದಳು.

ಮರುದಿನ ನಾನು ಹಾಸಿಗೆಯಲ್ಲೇ ಕೂತಿದ್ದೆ. ಎದ್ದು ನೋಡುವ ಧೈರ್ಯ ನನಗಿರಲಿಲ್ಲ. ಅವಳೇ ಹೋಗಿ ನೋಡಿ ಬಂದಳು. ಹಾಲು ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು, ಬೂದಿಯ ಮೇಲೆ ಒಂದು ಗೆರೆಯೂ ಇರಲಿಲ್ಲ.

‘ಬಂದಿಲ್ಲ’ ಎಂದಳು.

ಇನ್ನು ಅದು ಬರುವುದಿಲ್ಲ ಮಗಳೇ ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಟ್ಟಲು ತೊಳೆದು ಬೋರಲು ಹಾಕಿ ಹೇಳಿದಳು.

‘ಒಂದೇ ದಿನ ನೋಡಿ ಹೇಳಕ್ಕಾಗಲ್ಲಪ್ಪ.’