ಕಾಕಾನ ಹೆಬ್ಬೆರಳು

ಸಂಜೆ ಐದು ನಲವತ್ತಕ್ಕೆ ನನ್ನ ಗಂಡನಿಗೆ ಒಂದು ಲಾರಿ ಕಾಣಲಿಲ್ಲ. ಕಂಡೂ ಬ್ರೇಕ್ ತಡವಾಗಿ ಹಾಕಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇಳಕಲ್ಲಿನಿಂದ ಹುನಗುಂದಕ್ಕೆ ಬೈಕಿನಲ್ಲಿ ಬರುತ್ತಿದ್ದೆವು, ನಾನು ಹಿಂದೆ ಕೂತಿದ್ದೆ. ಎಡಗಡೆಯ ರಸ್ತೆಯಿಂದ ಗ್ರಾನೈಟ್ ಬಂಡೆ ಹೇರಿಕೊಂಡ ಲಾರಿ ಮೈಮೇಲೆ ಬಂತು. ಇವರು ನೇರ ಹೊರಟೇ ಇದ್ದರು. ನಾನು ಚೀರಿ ಇವರ ಹೆಗಲು ಜಗ್ಗಿದೆ. ಇಬ್ಬರೂ ರಸ್ತೆಬದಿಯ ಗರಸಿನ ಕಲ್ಲುಮಣ್ಣಿನಲ್ಲಿ ಬಿದ್ದೆವು. ಲಾರಿಯ ಗಾಳಿ ನನ್ನ ಸೆರಗನ್ನು ಎತ್ತಿ ಮುಖಕ್ಕೆ ಒಗೆಯಿತು.

“ಕಣ್ಣ ಕಾಣಂಗಿಲ್ಲೇನಲೇ!” ಎಂದು ಡ್ರೈವರ್ ಒದರಿ ಹೋದ.

ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ ಇವರು ನನ್ನನ್ನು ಕೇಳಿದರು: “ಯಾವ ಲಾರಿ?”

ಆ ಎರಡು ಶಬ್ದ ಈಗಲೂ, ನಾನು ಪಾಠ ಮಾಡುವ ಕಾಲೇಜಿನಲ್ಲಿ ಹಾಜರಿ ಕೂಗುವಾಗ, ನೆನಪಾಗಿ ಮುಂದಿನ ಹೆಸರನ್ನು ಮರೆಸುತ್ತವೆ.

ಅಲ್ಲಿಯವರೆಗೆ, ಕೆಲವು ತಿಂಗಳಿಂದ ಕಾಡುತ್ತಿದ್ದ ಇವರ ತಲೆನೋವಿಗೆ ಊರೆಲ್ಲ ಕಾರಣ ಕೊಟ್ಟಿತ್ತು. ಪಿತ್ತ ಅಂದರು, ಮೊಬೈಲು ಅಂದರು. ಚಾಳೀಸಿನ ಅಂಗಡಿಯವನು ಎರಡು ಸಲ ಕನ್ನಡಕದ ಗಾಜು ಬದಲಿಸಿ, ಎರಡು ಸಲವೂ ಅಭಿನಂದನೆ ಹೇಳಿದ್ದ. ಸರಿಯಾಗಿ ರೋಗ ಹೇಳಿದವನು ಬೈದು ಹೋದ ಡ್ರೈವರ್ ಒಬ್ಬನೇ.

ಬಾಗಲಕೋಟೆಯ ಕಣ್ಣಿನ ಡಾಕ್ಟರು ಇವರ ಎರಡೂ ಕಿವಿಗಳ ಪಕ್ಕ ಬೆರಳು ಆಡಿಸಿ, “ಎಷ್ಟು ಬೆರಳ್ರಿ?” ಅಂದರು. “ಯಾವ ಬೆರಳ್ರಿ?” ಅಂದರು ಇವರು. ನೇರ ಎದುರಿನದು ಬಿಟ್ಟು ಪಕ್ಕದ್ದೇನೂ ಇವರಿಗೆ ಕಾಣುತ್ತಿರಲಿಲ್ಲ.

ಸ್ಕ್ಯಾನ್ ಆಯಿತು. ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಗ್ರಂಥಿ ಇದೆಯಂತೆ. ಅದರಲ್ಲೊಂದು ಗಡ್ಡೆ, ಅದು ಕಣ್ಣಿನ ನರಗಳನ್ನು ಒತ್ತುತ್ತಿದೆ. ಕ್ಯಾನ್ಸರ್ ಅಲ್ಲ. ಈ ಬಗೆಯದು ಗುಳಿಗೆಗೇ ಕುಗ್ಗುವುದುಂಟು. ಕೆಲವು ವಾರ ಕಾಯಬೇಕು, ಪಕ್ಕದ ನೋಟ ಮರಳದಿದ್ದರೆ ಮೂಗಿನೊಳಗಿಂದ ಆಪರೇಷನ್. ಅಲ್ಲಿಯವರೆಗೆ ಬೈಕು ಮುಟ್ಟುವಂತಿಲ್ಲ. ಮರಳೀತೇ ಎಂದು ಕೇಳಿದೆ. ಡಾಕ್ಟರು ಪ್ರಾಮಾಣಿಕರು, “ನೋಡೋಣ್ರಿ” ಅಂದರು.

ನಮ್ಮ ಕಡೆ ಗಡ್ಡಿ ಅಂದರೆ ಮುಗಿಯಿತು. ನೆಂಟರು ಬ್ರೆಡ್ಡು, ಎಳನೀರು ಹಿಡಿದು ಬಂದು, ಇವರ ಎದುರಿಗೇ ಕೂತು ಇವರ ಬಗ್ಗೆ “ಭಾಳ ಛಲೋ ಮನಶ್ಯಾ ಇದ್ದ” ಎಂದು ಮಾತಾಡಿದರು. ಕಮತಗಿಯ ಒಬ್ಬಾಕೆ ನನ್ನ ಕೊರಳಿನ ತಾಳಿಯನ್ನೇ ನೋಡುತ್ತ ಚಹಾ ಕುಡಿದಳು.

“ಎಂಥಾ ಗಡ್ಡಿರಿ?” ಎಂದು ಆಕೆ ಪಿಸುಗುಟ್ಟಿದಾಗ ಇವರೇ ಉತ್ತರಿಸಿದರು: “ಉಳ್ಳಾಗಡ್ಡಿ ಅಲ್ಲ ನೋಡ್ರಿ. ಆಗಿದ್ರ ದರಾ ಏರಿದಾಗ ಮಾರಿ ಬಿಡ್ತಿದ್ದೆ.” ಈರುಳ್ಳಿಯ ಈ ಮಾತಿಗೆ ಯಾರೂ ನಗಲಿಲ್ಲ. ಸಾಯುವವನು ಚೇಷ್ಟೆ ಮಾಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಸದ್ಯಕ್ಕೆ ಆಪರೇಷನ್ ಇಲ್ಲ, ವಾರಕ್ಕೆರಡು ಗುಳಿಗೆ ಅಷ್ಟೇ ಎಂದಾಗ ಇನ್ನೂ ಬೇಸರಪಟ್ಟರು. ಇಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಔಷಧ!

ಆದರೆ ಎಲ್ಲರನ್ನೂ ಮೀರಿಸಿದವರು ಬಾದಾಮಿ ಕಡೆಯಿಂದ ಬಂದ ಇವರ ಕಾಕಾ. ಬೀರಪ್ಪನ ಭಕ್ತರು, ಈಗಲೂ ಕುರಿ ಕಾಯುತ್ತಾರೆ. ಬಂದವರೇ ಇವರ ಪಕ್ಕದಲ್ಲಿ ಕೂತು, ಹೆಬ್ಬೆರಳಿನಿಂದ ತಲೆಬುರುಡೆಯನ್ನು ಗಟ್ಟಿಯಾಗಿ ಒತ್ತಿದರು. ಪಕ್ಕದಿಂದ ಬಂದ ಆ ಬೆರಳು ಕಾಣದೆ ಇವರು ಬೆದರಿ ಹಾರಿಬಿದ್ದರು, ಚಹಾ ಚೆಲ್ಲಿತು.

“ಕುರಿಗೂ ಹಿಂಗ ಆಕ್ಕೈತಿ ಯವ್ವಾ,” ಕಾಕಾ ನನಗೆ ವಿವರಿಸಿದರು. “ತಲ್ಯಾಗ ನೀರಗುಳ್ಳಿ ಆಗಿ, ಕಣ್ಣ ಕಾಣದಂಗಾಗಿ ಒಂದಾ ಕಡೆ ಸುತ್ತತೈತಿ. ಒತ್ತಿದ್ರ ಎಲ್ಲಿ ಮೆತ್ತಗ ಹತ್ತತೈತಿ, ಅಲ್ಲಿ ಕಬ್ಬಣ ಕಾಸಿ ಬರಿ ಕೊಡೂದು.”

“ಕಾಕಾ, ಇವ್ರು ಕುರಿ ಅಲ್ಲರಿ.”

“ಖರೆ ಐತಿ. ಕುರಿ ಆಗಿದ್ರ ಮುಂದಿನ ಸಂತಿಗೆ ಕೊಟ್ಟ ಬಿಡ್ತಿದ್ದಿವಿ.”

ಕುರಿಯ ವಿಷಯದಲ್ಲಿ ಅವರ ಮಾತು ಸರಿಯೇ ಇರಬಹುದು. ಅದಕ್ಕೇ ಮನೆಯವರೆಲ್ಲ ತಲೆದೂಗಿದರು. ಎಂ.ಎ. ಓದಿದ ನನ್ನ ಮಾತಿಗೆ ಯಾರೂ ದೂಗಲಿಲ್ಲ. ಕಾಸಲು ಸಿಗದಂತೆ ನಾನು ಇಕ್ಕಳ, ಚಿಮಟ ಎಲ್ಲ ಎತ್ತಿ ಬೀರುವಿನಲ್ಲಿಟ್ಟು ಕೀಲಿ ಹಾಕಿದೆ.

ಗುಳಿಗೆಗೆ ಇವರಿಗೆ ವಾಕರಿಕೆ ಬರುತ್ತಿತ್ತು. ನಿದ್ದೆ ಇಬ್ಬರಿಗೂ ಇರಲಿಲ್ಲ. ಇವರು ನೋಟದ ಅಂಚಿನ ಕತ್ತಲೆಗೆ ಹೆದರುತ್ತಿದ್ದರು. ಕಣ್ಣು ಮುಚ್ಚಿದರೆ ನನಗೆ ಆ ಲಾರಿಯ ಬಂಡೆ ಕಾಣುತ್ತಿತ್ತು. ನೋಟ ಸುಧಾರಿಸಿತೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಧೈರ್ಯ ಇವರಿಗೂ ಇರಲಿಲ್ಲ.

ವಾರಗಳ ಮೇಲೆ ಒಂದು ಮುಂಜಾನೆ ಕಾಕಾ ಮತ್ತೆ ಬಂದರು. ಇವರು ಪೇಪರ್ ಓದುತ್ತಿದ್ದರು. ಮಾತಾಡುತ್ತಲೇ ಕಾಕಾ ಹೆಬ್ಬೆರಳನ್ನು ಕಳ್ಳನಂತೆ ಕಿವಿಯ ಹಿಂದಿನಿಂದ ಮುಂದಕ್ಕೆ ತಂದರು. ನಾನು ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಪೇಪರಿನಿಂದ ಕಣ್ಣೆತ್ತದೆ, ಕತ್ತು ತಿರುಗಿಸದೆ, ಕಾಕಾನ ಮುಂಗೈ ಹಿಡಿದರು.

“ಉಗುರಾಗ ಮಣ್ಣೈತಿ ಕಾಕಾ. ಮೊದಲ ಕೈ ತೊಳ್ಕೊಂಡ್ ಬಾ.”

ಉಗುರಿನ ಮಣ್ಣು! ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಹೊರಗೆ ಕಾಕಾ ಆಗಲೇ ಸಾರುತ್ತಿದ್ದರು: “ನೋಡ್ರಿ, ಅವತ್ತ ನಾ ಒತ್ತಿದ್ದಕ್ಕ ಗುಳ್ಳಿ ಒಡೀತು.” ಮನೆಯವರು ತಲೆದೂಗಿದರು. ದೂಗಲಿ.

ಬಾಗಲಕೋಟೆಯ ಪರೀಕ್ಷೆ ಆಮೇಲೆ ಉಗುರಿನ ಮಣ್ಣು ಹೇಳಿದ್ದನ್ನೇ ಹೇಳಿತು: ನೋಟ ಮರಳುತ್ತಿದೆ, ಗುಳಿಗೆ ಬಿಡಬೇಡಿ. ಆದರೆ ನಾವು ಅದಕ್ಕಾಗಿ ಕಾಯಲಿಲ್ಲ. ಕಾಕಾ ಬಂದ ದಿನವೇ ಇಬ್ಬರೂ ರಾತ್ರಿ ಎಂಟಕ್ಕೆಲ್ಲ ಉಂಡು ಮಲಗಿ, ಮರುದಿನ ಹಾಲಿನವನು ಬಾಗಿಲು ಬಡಿದು ಬೈದ ಮೇಲೆಯೇ ಎದ್ದೆವು.