ಕೆಂಡದ ಕಾರ್ಜ, ಅತ್ತೆಯ ಉಪ್ಪು

ಸ್ನೇಹಿತರೇ, ಇವತ್ತು ನಮ್ಮ ಮಕ್ತಲ್ ಊರಿನ ಮನೆಯಲ್ಲಿ ಬೀರಪ್ಪ ದೇವರ ಹೆಸರಿನಲ್ಲಿ ಕುರಿ ಕೊಯ್ದರು. ಕುರಿಯ ಕಾರ್ಜವನ್ನು, ಅಂದರೆ ಲಿವರನ್ನು, ಉಪ್ಪು ಸವರಿ ಕೆಂಡದ ಮೇಲೆ ಒಮ್ಮೆ ಅತ್ತಿತ್ತ ತಿರುವಿ, ಮೊದಲ ತುಂಡನ್ನು ಹೊಸ ಸೊಸೆಗೆ ಕೊಡುವುದು ಈ ಮನೆಯ ಪದ್ಧತಿ. ಹೊಸ ಸೊಸೆ ನಾನೇ. ಮುರಿದು ನೋಡಿದರೆ ಒಳಗೆ ಇನ್ನೂ ಕೆಂಪು. ನನಗೋ ಮಾಂಸವೆಂದರೆ ಕಪ್ಪಾಗುವ ತನಕ ಹುರಿದಿರಬೇಕು.

"ಇನ್ನೊಂಚೂರು ಸುಡಲೇನ್ರಿ ಮಾವ?" ಎಂದೆ.

"ಇನ್ನ ಸುಟ್ರ ಅದು ಕಾರ್ಜ ಅಲ್ಲವ್ವ, ಚಪ್ಪಲಿ ಆಗ್ತೈತಿ" ಎಂದರು ಮಾವ.

ಅಂಗಳದಲ್ಲಿದ್ದ ನೆಂಟರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೇಡ ಎಂದರೆ ದೇವರ ಪ್ರಸಾದ ತಳ್ಳಿದ ಹಾಗೆ.

ಆಗ ಅತ್ತೆ ಬಂದು ನನ್ನ ತಟ್ಟೆ ಎತ್ತಿಕೊಂಡರು. "ಉಪ್ಪು ಹಾಕೋದು ಮರ್ತೀನಿ, ತಾ ಇಲ್ಲಿ" ಎಂದು ಒಳಗೆ ನಡೆದರು. ನಾನೂ ಹಿಂದೆ ಹೋದೆ. ಒಲೆಯ ಮೇಲಿನ ಬಾಣಲೆಯಲ್ಲಿ ಅತ್ತೆಯ ಪಾಲಿನ ತುಂಡು ಆಗಲೇ ಚುಂಯ್‌ಗುಡುತ್ತಿತ್ತು. ನನ್ನದನ್ನೂ ಅದರ ಪಕ್ಕಕ್ಕೆ ಹಾಕಿದರು.

ಅಂಗಳದಿಂದ ಮಾವನ ದನಿ ಕೇಳಿಸಿತು: "ನಿಮ್ಮತ್ತಿ ಈ ಮನಿಗೆ ಬಂದಾಗಿಂದ ಕಾರ್ಜಕ್ಕ ಉಪ್ಪು ಮರೀತಾಳವ್ವ. ನಾ ಕೇಳೋದ ಬಿಟ್ಟೀನಿ."

ಅತ್ತೆ ನಕ್ಕರು. ಆಡಿದ ಮಾತು ಸುಳ್ಳಾಗಬಾರದೆಂದು ಬಾಣಲೆಗೆ ನಿಜವಾಗಿಯೂ ಇನ್ನೊಂದಿಷ್ಟು ಉಪ್ಪು ಉದುರಿಸಿದರು.

ಒಂದು ಚೂರೂ ಬಿಡದೆ ತಿಂದೆ. ಆಗಿನಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದೇನೆ, ಪ್ರತಿ ಗುಟುಕಿಗೂ ಅತ್ತೆಗೆ ಮನಸ್ಸಿನಲ್ಲೇ ಕೈಮುಗಿಯುತ್ತ.