ಆರ್ಫಾಳ ಹಿಮ್ಮಡಿ

ಕೆಂಟಕಿಯ ಬೆಟ್ಟದ ಸಂದಿಯಲ್ಲಿ, ಲಾರೆಲ್ ತೊರೆಯ ದಂಡೆಯ ಮೇಲೆ ಆರ್ಫಾ ಸ್ಲೋನಳ ಮನೆ. ಊರಿಗೆಲ್ಲ ಅವಳು ಆರ್ಫಾ ಅತ್ತೆ. ಗಂಡ ಗಣಿಯ ಧೂಳು ಕುಡಿದೇ ತೀರಿಕೊಂಡಿದ್ದ. ಮಗಳು ದೂರದ ಒಹಾಯೋದಲ್ಲಿ ಟೈರಿನ ಕಾರ್ಖಾನೆಗೆ ಹೋಗುತ್ತಿದ್ದಳು. ಮಗಳ ಮಗಳು ಟ್ಯಾನ್ಸಿ ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿತ್ತು. ನಾಲ್ಕು ವರ್ಷದ ಕೂಸು, ಬೆಣ್ಣೆಯಂಥ ಕೆನ್ನೆ, ಮಾತು ಮಾತ್ರ ಬಂದಿರಲಿಲ್ಲ. 'ಮಾ' ಅನ್ನುವುದು, ಬೇಡದ್ದಕ್ಕೆ ಕಿರುಚುವುದು, ಅಷ್ಟೇ. ಆರ್ಫಾಗೆ ಅದು ಚಿಂತೆಯೇ ಅಲ್ಲ. "ಅವಳ ತಾತ ಬಾಯಿ ಬಿಟ್ಟಿದ್ದೇ ಐದು ವರ್ಷಕ್ಕೆ. ಬಿಟ್ಟ ಮೇಲೂ ಕೇಳೋ ಅಂಥದ್ದೇನೂ ಹೇಳ್ಲಿಲ್ಲ ಬಿಡಿ" ಎನ್ನುತ್ತಿದ್ದಳು.

ಅವಳ ಚಿಂತೆಯೆಲ್ಲ ಗುರುತಿಲ್ಲದ ಕಾರುಗಳದ್ದು. ಅದಕ್ಕೆ ಕಾರಣ ಹೋಬಾರ್ಟ್, ಅವಳ ತಮ್ಮ. ಬುದ್ಧಿ ಸ್ವಲ್ಪ ನಿಧಾನ, ನಗು ಧಾರಾಳ, ಕೋಳಿಗಳಿಗೆಲ್ಲ ಹೆಸರಿಟ್ಟು ಕರೆಯುವ ಹುಡುಗ. ಆರ್ಫಾ ಇನ್ನೂ ಚಿಕ್ಕವಳಿದ್ದಾಗ ಹ್ಯಾಟು ಹಾಕಿದ ಸರ್ಕಾರದ ಮನುಷ್ಯನೊಬ್ಬ ಬಂದು, ಶಾಲೆಗೆ ಸೇರಿಸುತ್ತೇವೆ ಎಂದು ಅವರಮ್ಮನಿಗೆ ಹೇಳಿ, ಅವನ ಕೈಗೆ ಪೆಪ್ಪರ್‌ಮಿಂಟು ಕೊಟ್ಟು ಕಾರು ಹತ್ತಿಸಿದ. ಹೋದವನು ಹೋದ. ಎತ್ತರದ ಗೋಡೆಯ ಯಾವುದೋ ಆಸ್ಪತ್ರೆಯಲ್ಲಿ ಸತ್ತ ಎಂಬ ಸುದ್ದಿಯಷ್ಟೇ ವಾಪಸು ಬಂತು. ಅಂದಿನಿಂದ ಆರ್ಫಾ ಪೆಪ್ಪರ್‌ಮಿಂಟನ್ನು ಮನೆಯೊಳಕ್ಕೇ ಬಿಟ್ಟವಳಲ್ಲ.

ಹೀಗಿರುವಾಗ ಕೌಂಟಿಯ ಸರ್ಕಾರಿ ಶಾಲೆಯ ಟೀಚರು, ಮಿಸ್ ರೆನ್‌ಫ್ರೊ, ಬಾಗಿಲು ತಟ್ಟಿದರೆ ಹೇಗಾಗಬೇಡ?

"ಮಾತು ತಡವಾದ ಮಕ್ಕಳಿಗೆ ನಮ್ಮಲ್ಲಿ ಬೇರೆ ಪಾಠ ಇದೆ ಅಮ್ಮಾ. ದುಡ್ಡೇನೂ ಕೊಡ್ಬೇಕಾಗಿಲ್ಲ."

"ಪುಕ್ಕಟೆ ಕೊಡೋರನ್ನ ಕಂಡ್ರೇ ನಂಗೆ ಭಯ. ಯಾರು ಹೇಳಿದ್ದು ನಿಮ್ಗೆ, ನಮ್ಮ ಮಗು ವಿಷಯ?"

"ಚರ್ಚಿನಲ್ಲಿ ಯಾರೋ..."

"ಆ ಯಾರೋನ ನಾಲಿಗೆಗೆ ಮೊದ್ಲು ಪಾಠ ಮಾಡಿ."

ಟೀಚರು ನಕ್ಕಳು. ಆರ್ಫಾ ನಗಲಿಲ್ಲ.

"ಕಿವಿ ಚೆನ್ನಾಗಿ ಕೇಳ್ಸತ್ತಾ ಮಗೂಗೆ?"

"ಕೇಳ್ಸತ್ತಾ ಅಂತೀರಾ? ನೋಡಿ ಬೇಕಾದ್ರೆ."

ಆರ್ಫಾ ಹಿಮ್ಮಡಿಯಿಂದ ನೆಲಕ್ಕೊಂದು ಕುಟ್ಟಿದಳು. ಆ ಮನೆ ನಿಂತಿದ್ದುದು ಕಲ್ಲಿನ ಕಾಲುಗಳ ಮೇಲೆ, ನೆಲವೆಲ್ಲ ಹಲಗೆ. ಕೈ ಹಿಟ್ಟಿನಲ್ಲಿದ್ದಾಗ ಹೀಗೆ ಕುಟ್ಟಿ ಕರೆಯುವುದು ಅವಳ ಅಮ್ಮನ ಕಾಲದ್ದು. ಒಂದು ಕುಟ್ಟಿದರೆ ಊಟ, ಎರಡು ಕುಟ್ಟಿದರೆ ಏಟು. ಒಳಗಿನ ಕೋಣೆಯಿಂದ ಟ್ಯಾನ್ಸಿ ಓಡಿ ಬಂದು ಅಜ್ಜಿಯ ಮೊಣಕಾಲು ತಬ್ಬಿತು.

"ಆದ್ರೂ ಗುರುವಾರ ಒಂದ್ಸಲ ಶಾಲೆಗೆ ಕರ್ಕೊಂಡ್ಬನ್ನಿ" ಎಂದಳು ಟೀಚರು.

ಹೋಗದಿದ್ದರೆ ಪೊಲೀಸರನ್ನು ಕಳಿಸಿಯಾರು ಎಂದು ಆರ್ಫಾ ಹೊರಟಳು. ದಾರಿಯುದ್ದಕ್ಕೂ ಮಗುವಿಗೆ ಬುದ್ಧಿ ಹೇಳಿದಳು: "ಅವ್ರು ಏನು ಕೊಟ್ರೂ ತಿನ್ಬೇಡ, ಏನು ಮಾಡಿದ್ರೂ ತಿರುಗಿ ನೋಡ್ಬೇಡ."

ಶಾಲೆಯಲ್ಲಿ ಟ್ಯಾನ್ಸಿ ಮರದ ತುಂಡುಗಳನ್ನು ಜೋಡಿಸುತ್ತ ಕೂತಿತು. ಟೀಚರು ಅದರ ಬೆನ್ನ ಹಿಂದೆ ಗಂಟೆ ಬಾರಿಸಿದಳು. ತಟ್ಟೆಗೆ ಚಮಚ ಬಡಿದಳು. ಮಗು ತಿರುಗಲಿಲ್ಲ. ಆರ್ಫಾಗೆ ಒಳಗೊಳಗೇ ಹೆಮ್ಮೆ. ಹೇಳಿದ ಮಾತು ಎಷ್ಟು ಚೆನ್ನಾಗಿ ಕೇಳುತ್ತದೆ ನನ್ನ ಕೂಸು!

"ಆಯ್ತಲ್ಲ ನಿಮ್ಮ ಆಟ? ನಡಿ ಪುಟ್ಟೀ" ಎಂದು ಎದ್ದು ಹಿಮ್ಮಡಿ ಕುಟ್ಟಿದಳು.

ಟ್ಯಾನ್ಸಿ ಇನ್ನೊಂದು ತುಂಡು ಇಟ್ಟಿತು.

ಇನ್ನೊಮ್ಮೆ ಕುಟ್ಟಿದಳು, ಹಿಮ್ಮಡಿ ಚುರ್ರೆನ್ನುವಷ್ಟು ಜೋರಾಗಿ. ಹೆಸರು ಹಿಡಿದು ಕೂಗಿದಳು. ಪಕ್ಕದ ಕೋಣೆಯಿಂದ ಯಾರೋ ಇಣುಕಿದರು, ಮಗು ಮಾತ್ರ ತಲೆಯೆತ್ತಲಿಲ್ಲ.

"ನೆಲಕ್ಕೆ ಏನು ಹಾಕಿದ್ದೀರಿ ನೀವು?" ಆರ್ಫಾ ಬಗ್ಗಿ ನೆಲ ಮುಟ್ಟಿ ನೋಡಿದಳು.

"ಸಿಮೆಂಟು ಅಮ್ಮಾ. ಸಿಮೆಂಟು ಅದುರಲ್ಲ" ಎಂದಳು ಮಿಸ್ ರೆನ್‌ಫ್ರೊ ಮೆಲ್ಲಗೆ.

ಇಷ್ಟು ದಿನ ಕೂಸು ಕೇಳಿದ್ದು ಕಿವಿಯಿಂದಲ್ಲ, ಅಂಗಾಲಿನಿಂದ. ಆದರೂ ನಂಬಬೇಕಲ್ಲ! ಮನೆಗೆ ಬಂದವಳೇ ಆರ್ಫಾ ಹುಲ್ಲಿನ ಮೇಲೆ ನಿಂತು, ಮಗುವಿನ ಬೆನ್ನ ಹಿಂದಿನಿಂದ ಕರೆದಳು. ಹಾಡಿದಳು. ಬೈದಳು. ಕೋಳಿಗಳೆಲ್ಲ ಓಡಿ ಬಂದವು.

ಮರುವಾರ ಟೀಚರು ಮತ್ತೆ ಬಂದು ಹೇಳಿದಳು: ಕಿವಿಗೆ ಯಂತ್ರ ಕೊಡಿಸುತ್ತೇವೆ, ಕೈಸನ್ನೆಯ ಮಾತು ಕಲಿಸುತ್ತೇವೆ, ಪುಟ್ಟ ಬಸ್ಸು ಮನೆಯ ಮುಂದೆಯೇ ಬರುತ್ತದೆ.

"ಸಂಜೆ ವಾಪಸು ಬಿಡ್ತೀರಾ?"

"ದಿನಾ ಬಿಡ್ತೀವಿ."

"ಹೋಬಾರ್ಟ್‌ನ ಕರ್ಕೊಂಡು ಹೋದೋನೂ ಹಿಂಗೇ ಅಂದಿದ್ದ."

ಮಿಸ್ ರೆನ್‌ಫ್ರೊಗೆ ಹೋಬಾರ್ಟ್ ಯಾರೆಂದು ತಿಳಿಯದು. ಆರ್ಫಾ ಹೇಳಿದಳು, ಪೆಪ್ಪರ್‌ಮಿಂಟಿನ ಸಮೇತ. ಟೀಚರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ನೀವೂ ಬಂದು ಕ್ಲಾಸಲ್ಲಿ ಕೂತ್ಕೊಳ್ಳಿ ಅಮ್ಮಾ, ಎಷ್ಟು ದಿನ ಬೇಕಾದ್ರೂ" ಎಂದಳು.

"ನೀವು ಕರೀದಿದ್ರೂ ಬರ್ತಿದ್ದೆ."

ಸೋಮವಾರ ಬಸ್ಸು ಬಂತು. ಚಾಲಕ ಪಕ್ಕದ ಕಣಿವೆಯ ಡೆನ್ವರ್. ಟ್ಯಾನ್ಸಿ ಹತ್ತಿ ನೇರ ಹಿಂದಿನ ಸೀಟಿಗೆ ಓಡಿತು. ಆರ್ಫಾ ಮೆಟ್ಟಿಲ ಮೇಲೆ ನಿಂತಳು.

"ಲೇ ಡೆನ್ವರ್, ಈ ಬಸ್ಸಿನ ನೆಲ ಯಾವುದರದ್ದೋ?"

"ತಗಡಿಂದು ಅತ್ತೆ. ಯಾಕೆ?"

ಆರ್ಫಾ ಒಳಗೆ ಬಂದು ಹಿಮ್ಮಡಿ ಎತ್ತಿ ಕುಟ್ಟಿದಳು. ಬಸ್ಸೆಲ್ಲ ಧಡ್ಡೆಂದಿತು. ಟ್ಯಾನ್ಸಿ ಗಕ್ಕನೆ ತಿರುಗಿ, "ಮಾ!" ಎಂದು ಓಡಿ ಬಂತು.

"ಇವಳನ್ನ ಕರೀಬೇಕಾದ್ರೆ ಹಿಂಗೆ ಕುಟ್ಟೋ, ತಿಳೀತಾ? ಸರಿ, ಗಾಡಿ ಬಿಡು" ಎಂದು ಮಗುವನ್ನು ತೊಡೆಗೆಳೆದುಕೊಂಡು ಮುಂದಿನ ಸೀಟಿನಲ್ಲೇ ಕೂತಳು.

"ಅತ್ತೆ, ಬಸ್ಸಲ್ಲಿ ದೊಡ್ಡೋರನ್ನ ಕೂರಿಸೋ ಹಾಗಿಲ್ಲ."

"ನೀನು ಹುಟ್ಟುವಾಗ ನಿನ್ನ ತಲೆ ಮೊದ್ಲು ಕಂಡೋಳು ನಾನು. ಬಿಡೋ ಗಾಡಿ."

ಡೆನ್ವರ್ ಬಿಟ್ಟ. ಆರ್ಫಾ ಕಿಟಕಿಗೆ ಮೂಗು ಒತ್ತಿ, ಸೇತುವೆ, ಸೀಳಿದ ಮರ, ಬಣ್ಣ ಹೋದ ಕೊಟ್ಟಿಗೆ ಎಂದು ಒಂದೊಂದು ತಿರುವನ್ನೂ ಗುರುತಿಟ್ಟುಕೊಳ್ಳುತ್ತ ಹೋದಳು. ಒಂದು ಸಂಜೆ ಈ ಬಸ್ಸು ಬಾರದೇ ಹೋದರೆ, ನಡೆದಾದರೂ ಹೋಗಿ ಕೂಸನ್ನು ಕರೆತರಬೇಕಲ್ಲ.